ರೇಷ್ಮೆ ಬೆಳೆಯ ರೋಗ, ಕೀಟಗಳ ಚಿತ್ರ ತೆಗೆಯಲು ಕ್ಯಾಮೆರಾ ಆಯ್ಕೆ

ಕ್ಯಾಮೆರಾ ಕೊಳ್ಳುವ ಮುನ್ನ ತಜ್ಞರಿಗೆ ಯಾವ ಲಕ್ಷಣವನ್ನು ತೋರಿಸಬೇಕೆಂಬುದನ್ನು ರೇಷ್ಮೆ ಬೆಳೆಗಾರರು ನಿರ್ಧರಿಸಿಕೊಳ್ಳಬೇಕು.

ಮೊಬೈಲ್ ಕ್ಯಾಮೆರಾ: ಹಿಪ್ಪುನೇರಳೆಯ ಎಲೆಚುಕ್ಕೆ, ಬೂದಿರೋಗ ಹಾಗೂ ಟುಕ್ರಾದಿಂದ ಮುದುಡಿದ ಕುಡಿ, ಹುಳುವಿನ ಹಾಲುತೊಂಡೆ ಮತ್ತು ಸುಣ್ಣಕಟ್ಟು ರೋಗಗಳ ಬಾಹ್ಯ ಲಕ್ಷಣಗಳಿಗೆ ಇದು ಸಾಕು. ಇಡೀ ಗಿಡ, ಎಲೆಯ ಮೇಲ್ಭಾಗ ಮತ್ತು ಕೆಳಭಾಗದ ಚಿತ್ರಗಳನ್ನು ಫ್ಲ್ಯಾಶ್ ಬಳಸದೆ ನೆರಳಿನಲ್ಲಿ, ಹಗಲು ಬೆಳಕಿನಲ್ಲಿ ತೆಗೆಯಬೇಕು.

ಮ್ಯಾಕ್ರೊ ಲೆನ್ಸ್: ಸುಮಾರು 1 ಮಿ.ಮೀ. ಉದ್ದದ ಥ್ರಿಪ್ಸ್ ನುಸಿಯನ್ನು ತೋರಿಸಲು ಮೊಬೈಲಿಗೆ ಸಿಕ್ಕಿಸುವ ಲೆನ್ಸ್ ಉಪಯುಕ್ತ.

ಡಿಎಸ್‌ಎಲ್‌ಆರ್: ತರಬೇತಿ ಸಾಮಗ್ರಿ ಸಿದ್ಧಪಡಿಸುವ ವಿಸ್ತರಣಾ ಕಾರ್ಯಕರ್ತರಿಗೆ ಸೂಕ್ತ, ರೈತರಿಗೆ ಈ ವೆಚ್ಚ ಅನಗತ್ಯ.

ಎಚ್ಚರಿಕೆ: ಗಂಟುರೋಗದ (ಪೆಬ್ರಿನ್) ಬೀಜಕಣಗಳು ಕೇವಲ 3–4 ಮೈಕ್ರಾನ್ ಗಾತ್ರದವು. ಮೇಲಿನ ಯಾವ ಕ್ಯಾಮೆರಾದ ಚಿತ್ರದಿಂದಲೂ ಈ ರೋಗ ಇಲ್ಲವೆಂದು ನಿರ್ಣಯಿಸಲಾಗದು. ಸೂಕ್ಷ್ಮದರ್ಶಕದ ಪರೀಕ್ಷೆಯೇ ಬೇಕು. ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೂ ಹರಡುತ್ತದೆ. ಹುಳುಗಳ ಬೆಳವಣಿಗೆ ಏರುಪೇರಾಗಿದ್ದರೆ ಚಿತ್ರ ಕಳುಹಿಸಿ ಕಾಯದೆ, ಮಾದರಿಗಳನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಸಮೀಪದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರವನ್ನಾಗಲಿ ತಲಘಟ್ಟಪುರದ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯನ್ನಾಗಲಿ ಕೂಡಲೇ ಸಂಪರ್ಕಿಸಬೇಕು.