ಇಕ್ಕೇರಿಯ ರಾಯಭಾರವೂ ಪರರಾಷ್ಟ್ರಾಶ್ರಯದ ವಿವಾದವೂ

ರಾಜನೀತಿಶಾಸ್ತ್ರದಲ್ಲಿ ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೆಂಬ ಆರು ಗುಣಗಳು ಪ್ರಸಿದ್ಧವಾಗಿವೆ. ಇವುಗಳಲ್ಲಿ ಸಂಶ್ರಯವೆಂದರೆ ದುರ್ಬಲನಾದ ಅರಸನು ಬಲಿಷ್ಠನಾದ ಮತ್ತೊಬ್ಬನ ಮರೆಹೋಗುವುದು. ಕೌಟಿಲ್ಯನು ಇದನ್ನು ಅರಸರಿಗೆ ವಿಹಿತವಾದ ಉಪಾಯವೆಂದೇ ಎಣಿಸಿರುವನು. ಆದರೆ ಒಂದು ರಾಜ್ಯದೊಳಗಿದ್ದುಕೊಂಡೇ ಕ್ರೋಧದಿಂದಲೋ ಲೋಭದಿಂದಲೋ ಭಯದಿಂದಲೋ ಪರರಾಜನಿಗೆ ಒಲಿಯಬಹುದಾದವರನ್ನು ಆತನು ‘ಕೃತ್ಯ’ರೆಂದು ಕರೆದು, ಅವರನ್ನು ಪರರ ಕೈಸೇರದಂತೆ ಕಾಯ್ದುಕೊಳ್ಳಬೇಕೆಂದು ವಿಧಿಸಿದ್ದಾನೆ. ಮರೆಹೊಕ್ಕವನು ಸ್ವತಂತ್ರನಾದರೆ ಅದು ನೀತಿ. ಅಧೀನನಾದರೆ ಅದೇ ದ್ರೋಹ. ಕ್ರಿ. ಶ. 1623ರಲ್ಲಿ ಇಕ್ಕೇರಿಯ ಆಸ್ಥಾನದಲ್ಲಿ ನಡೆದ ಸಂಧಾನದ ತಿರುಳು ಈ ಭೇದದಲ್ಲಿಯೇ ಅಡಗಿರುವುದು.

ಆಗ ಇಕ್ಕೇರಿಯಲ್ಲಿ ಆಳುತ್ತಿದ್ದವನು ಹಿರಿಯ ವೆಂಕಟಪ್ಪನಾಯಕನು. ಕೆಳದಿಯ ಪರಂಪರೆಯಂತೆ ಆತನ ಪೂರ್ವಿಕನಾದ ಸದಾಶಿವನಾಯಕನು ವಿಜಯನಗರದ ಅರಸರಿಂದ ಬಾರಕೂರು, ಮಂಗಳೂರು ರಾಜ್ಯಗಳ ಅಧಿಕಾರವನ್ನು ಪಡೆದಿದ್ದನು. ಕ್ರಿ. ಶ. 1565ರ ಬಳಿಕ ವಿಜಯನಗರದ ಕೈ ಸಡಿಲಿದಾಗ ನಾಯಕರು ಸ್ವತಂತ್ರರಾದರು. ಕರಾವಳಿಯ ಬಂಗ, ಚೌಟ, ಅಜಿಲ ಮೊದಲಾದ ಅರಸುಮನೆತನಗಳೂ ತಮ್ಮ ತಮ್ಮ ಸೀಮೆಗಳಲ್ಲಿ ಸ್ವತಂತ್ರರಂತೆ ನಡೆದವು. ಇತ್ತ ಪೋರ್ತುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆಗಳನ್ನಿಟ್ಟುಕೊಂಡು, ಬಂಗರಸನನ್ನು ತಮ್ಮ ಮಿತ್ರನೆಂದು ಎಣಿಸಿ ಆತನಿಗೆ ಬೆಂಬಲವಾಗಿ ನಿಂತಿದ್ದರು.

ಕಲಹಕ್ಕೆ ನಿಮಿತ್ತವಾದುದು ಬಂಗರಸನಿಗೂ ಉಳ್ಳಾಲದ ರಾಣಿಗೂ ಉಂಟಾದ ವಿರಸ. ಆಕೆ ಅವನನ್ನು ತ್ಯಜಿಸಿದ್ದ ಪತ್ನಿ. ಬಂಗನು ಪೋರ್ತುಗೀಸರ ಸಹಾಯವನ್ನು ಬೇಡಿದನು. ರಾಣಿಯು ವೆಂಕಟಪ್ಪನಾಯಕನ ಮರೆಹೊಕ್ಕಳು. ನಾಯಕನ ಸೈನ್ಯವು ಘಟ್ಟವಿಳಿದು ಬಂಗನ ಸೀಮೆಯನ್ನು ಹಿಡಿದು ಅವನ ಕೋಟೆಯನ್ನು ಕೆಡವಿತು. ನೆರವಿಗೆ ಬಂದ ಪೋರ್ತುಗೀಸರು ಸೋತರು. ಬಂಗನು ರಾಜ್ಯಭ್ರಷ್ಟನಾಗಿ ಕಾಸರಗೋಡಿನಲ್ಲಿ ತಲೆಮರೆಸಿಕೊಂಡನು.

ಈ ಸೋಲಿನ ಅನಂತರವೇ ಪೋರ್ತುಗೀಸರಿಗೆ ಸಂಧಾನದ ಮಾರ್ಗವು ಹಿತವಾಗಿ ತೋರಿತು. ಕನ್ನಡ ಕರಾವಳಿಯ ಕರಿಮೆಣಸು ಅವರಿಗೆ ಬೇಕಾಗಿದ್ದಿತು. ಕ್ರಿ. ಶ. 1510ರಲ್ಲಿ ವಿಜಾಪುರದವರಿಂದ ಕಸಿದುಕೊಂಡು, 1570–71ರ ಮುತ್ತಿಗೆಯಲ್ಲಿ ಪ್ರಯಾಸದಿಂದ ಉಳಿಸಿಕೊಂಡ ಗೋವೆಯ ಸಮೀಪದಲ್ಲಿ ಮತ್ತೊಬ್ಬ ಪ್ರಬಲ ಶತ್ರುವು ಹುಟ್ಟುವುದು ಅವರಿಗೆ ಇಷ್ಟವಿರಲಿಲ್ಲ. ನಾಯಕನ ರಾಯಭಾರಿಯಾದ ವಿಠ್ಠಲ ಶೆಣೈಯು ಮೊದಲೇ ಗೋವೆಗೆ ಹೋಗಿದ್ದನು. ಅದಕ್ಕೆ ಪ್ರತಿಯಾಗಿ, ಫ್ರಾನ್ಸಿಸ್ಕೊ ದ ಗಾಮನು ವೈಸರಾಯನಾಗಿದ್ದಾಗ, 1623ರ ಅಕ್ಟೋಬರಿನಲ್ಲಿ ಜೊಆಂವ್ ಫೆರ್ನಾಂಡಿಸ್ ಲೈತಾಂವ್ ಎಂಬವನನ್ನು ಇಕ್ಕೇರಿಗೆ ಕಳುಹಿಸಲಾಯಿತು. ಆ ಪರಿವಾರದೊಡನೆ ರೋಮಿನ ಪ್ರವಾಸಿಯಾದ ಪಿಯೆತ್ರೊ ದೆಲ್ಲಾ ವಾಲ್ಲೆಯೂ ಹೊರಟನು. ಹೊನ್ನಾವರದವರೆಗೆ ಕಡಲಿನಲ್ಲಿ, ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ, ಬಳಿಕ ಘಟ್ಟದ ದಾರಿಯಲ್ಲಿ ಅವರು ನಡೆದರು.

ಈ ರಾಯಭಾರದಲ್ಲಿ ಗಮನಿಸತಕ್ಕ ಅಂಶವೊಂದುಂಟು. ಹಿಂದೆ ನಾಯಕನೊಡನೆ ವ್ಯವಹರಿಸಬೇಕಾದಾಗ ಹೊನ್ನಾವರದ ಅಥವಾ ಬಸರೂರಿನ ಕೋಟೆಯ ಅಧಿಕಾರಿಯ ಹೆಸರಿನಲ್ಲಿ ದೂತರು ಬರುತ್ತಿದ್ದರು. ಈ ಸಲವೇ ಮೊದಲಾಗಿ ಪೋರ್ತುಗಾಲದ ದೊರೆಯ ಹೆಸರಿನಲ್ಲಿಯೇ ಪತ್ರಗಳು ಬಂದುವೆಂದು ದೆಲ್ಲಾ ವಾಲ್ಲೆಯು ಹೇಳಿರುತ್ತಾನೆ. ಪತ್ರವು ಯಾರ ಹೆಸರಿನದೆಂಬುದು ಬರಿಯ ಉಪಚಾರದ ಮಾತಲ್ಲ. ಕೋಟೆಯ ಅಧಿಕಾರಿಯೊಡನೆ ಮಾತನಾಡುವವನು ಸ್ಥಳೀಯ ಪಾಳೆಯಗಾರನು. ದೊರೆಯೊಡನೆ ಮಾತನಾಡುವವನು ಸಮಾನನಾದ ಅರಸನು. ಯುದ್ಧದಿಂದ ನಾಯಕನಿಗೆ ಲಭಿಸಿದ ಮೊದಲನೆಯ ಫಲವು ಈ ಸಮತೆಯೇ ಆಗಿತ್ತು.

ನವೆಂಬರಿನಲ್ಲಿ ಇಕ್ಕೇರಿಯಲ್ಲಿ ಮಾತುಕತೆಗಳು ನಡೆದುವು. ಕರಿಮೆಣಸಿನ ವ್ಯವಹಾರವೂ ಬಂಗನ ಪ್ರಶ್ನೆಯೂ ಅದರ ವಿಷಯಗಳಾಗಿದ್ದುವು. ಪೋರ್ತುಗೀಸರು ಬಂಗನನ್ನು ‘ರಾಜ’ನೆಂದೇ ಕರೆಯುತ್ತಿದ್ದರು, ಅವನ ಮೈತ್ರಿಯು ಸಂಶ್ರಯವೆನಿಸಬೇಕಾದರೆ ಅವನು ರಾಜನಾಗಿರಲೇಬೇಕಷ್ಟೆ. ನಾಯಕನು ಬಂಗನ ಸೀಮೆಯನ್ನು ಹಿಂದಕ್ಕೆ ಕೊಡಲಿಲ್ಲ. ಆದರೆ ಬಂಗನು ಕಾಸರಗೋಡನ್ನು ಬಿಟ್ಟು ಗೋವೆಯಂತಹ ಸ್ಥಳದಲ್ಲಿ ಸುಮ್ಮನಿರುವುದಾದರೆ ವರ್ಷಕ್ಕೆ 7000 ವರಹಗಳನ್ನು ಕೊಡಲು ಒಪ್ಪಿದನು. ಈ ಉತ್ತರದ ಸೂಕ್ಷ್ಮವನ್ನು ಪರಿಭಾವಿಸಬೇಕು. ವರಹಗಳು ಹೋಗುವುದು ನಾಯಕನ ಬೊಕ್ಕಸದಿಂದ. ಅವನ್ನು ಉಣ್ಣುವವನು ನಾಯಕನ ಅನ್ನವನ್ನೇ ಉಣ್ಣುವನು. ಕಾಸರಗೋಡಿನಲ್ಲಿದ್ದರೆ ಅವನು ರಾಜ್ಯವನ್ನು ಬಯಸುವ ಪ್ರತಿಸ್ಪರ್ಧಿ, ಗೋವೆಯಲ್ಲಿದ್ದರೆ ಕೇವಲ ಅತಿಥಿ. ದಯೆಯೆಂದು ಕೇಳಿದುದನ್ನು ನಾಯಕನು ಕೊಟ್ಟನು. ಹಕ್ಕೆಂದು ಕೇಳಿದುದನ್ನು ಕೊಡಲಿಲ್ಲ.

ದೆಲ್ಲಾ ವಾಲ್ಲೆಯ ಸಾಕ್ಷ್ಯವನ್ನು ತೂಗಿ ನೋಡುವುದು ನ್ಯಾಯವೇ. ಆತನು ಪೋರ್ತುಗೀಸರ ಪರಿವಾರದಲ್ಲಿದ್ದವನು. ಕನ್ನಡದ ಮಾತುಗಳನ್ನು ದುಭಾಷಿಗಳ ಮೂಲಕ ಕೇಳಿದವನು. ಆದರೂ ಅವರ ಸೋಲನ್ನು ಮುಚ್ಚಿಡದೆ ಬರೆದಿರುವುದರಿಂದ ಆತನ ಮಾತಿಗೆ ಬೆಲೆಯುಂಟು. ಮತ್ತು ಅದು ಸಮಕಾಲೀನವಾದುದು. ಲಿಂಗಣ್ಣಕವಿಯ ‘ಕೆಳದಿನೃಪವಿಜಯ’ವಾದರೋ ಒಂದು ಶತಮಾನಕ್ಕೂ ಮಿಕ್ಕಿದ ಕಾಲದ ಬಳಿಕ ಹುಟ್ಟಿದ ವಂಶಚರಿತ್ರೆ. ಅದೇ ಡಿಸೆಂಬರಿನಲ್ಲಿ ಆ ಪ್ರವಾಸಿಯು ಮನೇಲಿನಲ್ಲಿ ಉಳ್ಳಾಲದ ರಾಣಿಯನ್ನೂ ಕಂಡನು. ಆಕೆ ಕಾಲುವೆಯ ಕೆಲಸವನ್ನು ನೋಡುವುದಕ್ಕಾಗಿ ಕಾಲ್ನಡೆಯಿಂದ ಹೊರಟಿದ್ದಳು. ನೆರೆಯ ಬಲಿಷ್ಠನನ್ನು ಆಶ್ರಯಿಸಿದವಳು ತನ್ನ ನೆಲದಲ್ಲಿಯೇ ಇದ್ದಳು. ಕಡಲಾಚೆಯವರನ್ನು ಆಶ್ರಯಿಸಿದವನು ನೆಲವಿಲ್ಲದವನಾಗಿದ್ದನು.

ಇಕ್ಕೇರಿಯಲ್ಲಿ ನಿರಾಕರಿಸಲ್ಪಟ್ಟ ಹಕ್ಕು ಬೇರೆಡೆ ಅಂಗೀಕೃತವಾದಾಗ ಏನಾಗುವುದೆಂಬುದಕ್ಕೆ ಮೊರೊಕ್ಕೊ ದೇಶವು ನಿದರ್ಶನ. ಅಲ್ಲಿ ಯೂರೋಪಿನ ಕಾನ್ಸಲರು ಸುಲ್ತಾನನ ಪ್ರಜೆಗಳನ್ನೇ ತಮ್ಮ ಆಶ್ರಿತರೆಂದು ಬರೆಯಿಸಿಕೊಂಡು, ಅವರನ್ನು ಸುಲ್ತಾನನ ತೆರಿಗೆಗೂ ನ್ಯಾಯಸ್ಥಾನಕ್ಕೂ ಹೊರಗಾಗಿಸುತ್ತಿದ್ದರು. 1863ರಲ್ಲಿ ಫ್ರಾನ್ಸಿನೊಡನೆ ಆದ ಒಪ್ಪಂದವು ಈ ಆಶ್ರಯಕ್ಕೆ ಕೆಲವು ಮಿತಿಗಳನ್ನಿಟ್ಟರೂ ದುರುಪಯೋಗವು ನಿಲ್ಲಲಿಲ್ಲ. ಟ್ಯಾಂಜಿಯರಿನಲ್ಲಿ ನಡೆದ ಚರ್ಚೆಗಳು ವಿಫಲವಾಗಲು, ಸುಲ್ತಾನ ಮೊದಲನೆಯ ಹಸನನ ಪ್ರಾರ್ಥನೆಯನ್ನು ಬ್ರಿಟನ್ನಿನ ಪ್ರತಿನಿಧಿ ಜಾನ್ ಡ್ರಮಂಡ್ ಹೇ ಎತ್ತಿಹಿಡಿದನು. 1880ರ ಮೇ 19ರಂದು ಮ್ಯಾಡ್ರಿಡ್ಡಿನಲ್ಲಿ, ಸ್ಪೇಯಿನಿನ ಪ್ರಧಾನಿ ಕಾನೊವಾಸ್ ದೆಲ್ ಕಾಸ್ತಿಯೊ ಎಂಬವನ ಅಧ್ಯಕ್ಷತೆಯಲ್ಲಿ ಪರಿಷತ್ತು ಸೇರಿತು. ಸುಲ್ತಾನನ ಪರವಾಗಿ ಮಹಮ್ಮದ್ ಬರ್ಗಾಷನು ಬಂದಿದ್ದನು.

ಜುಲೈ 3ರಂದು ಸಹಿಯಾದ 18 ವಿಧಿಗಳ ಒಡಂಬಡಿಕೆಯು, ವಿಶೇಷ ಸೇವೆಗಾಗಿ ಆಶ್ರಯ ಪಡೆಯುವವರ ಸಂಖ್ಯೆಯನ್ನು ಒಂದೊಂದು ರಾಷ್ಟ್ರಕ್ಕೆ 12 ಎಂದು ಗೊತ್ತುಮಾಡಿತು. ಮಿತಿಯೇನೋ ದೊರಕಿತು, ಆದರೆ ಅದುವರೆಗೆ ದುರಾಚಾರವೆನಿಸಿದ್ದುದು ಆ ಮಿತಿಯೊಳಗೆ ಸರ್ವಸಮ್ಮತವಾದ ಹಕ್ಕಾಯಿತು. 17ನೆಯ ವಿಧಿಯು, ಒಂದು ರಾಷ್ಟ್ರಕ್ಕೆ ಕೊಟ್ಟ ಅತ್ಯಧಿಕ ಅನುಗ್ರಹವು ಎಲ್ಲಕ್ಕೂ ಸಲ್ಲಬೇಕೆಂದು ವಿಧಿಸಿತು. 1912ರ ಮಾರ್ಚ್ 30ರಂದು ಮೊರೊಕ್ಕೊ ದೇಶವೇ ಫ್ರಾನ್ಸಿನ ಆಶ್ರಿತರಾಜ್ಯವಾಗಿ, 1956ರವರೆಗೆ ಹಾಗೆಯೇ ಉಳಿಯಿತು. ಈ ಪತನಕ್ಕೆ ಸಾಲ, ಸೈನ್ಯ ಮೊದಲಾದ ಬೇರೆ ಕಾರಣಗಳೂ ಇದ್ದುವು. ಆದರೂ ಆಶ್ರಿತರ ಪಟ್ಟಿಯು ಅದಕ್ಕೆ ದಾರಿಯನ್ನು ಸಮಮಾಡಿತ್ತೆಂಬುದು ನಿರ್ವಿವಾದ.

ವೆಂಕಟಪ್ಪನಾಯಕನ ಬೆನ್ನಿಗೆ ಗೆದ್ದ ಸೈನ್ಯವೂ ಕೈಯಲ್ಲಿ ಕರಿಮೆಣಸೂ ಇದ್ದುವು. ಸುಲ್ತಾನನಿಗೆ ಅಂತಹ ಬಲವಿರಲಿಲ್ಲ. ಆದುದರಿಂದ ಒಬ್ಬನನ್ನು ಜಾಣನೆಂದೂ ಇನ್ನೊಬ್ಬನನ್ನು ಮೂಢನೆಂದೂ ಹೇಳುವುದು ಯುಕ್ತವಲ್ಲ. ಇಕ್ಕೇರಿಯ ಸಂಧಾನದಲ್ಲಿ ಕಾಣುವ ವಿವೇಕವು ಬಲದ ಮಾತಿನಿಂದ ಬೇರೆಯಾದುದು: ಆಶ್ರಿತನ ಜೀವನಕ್ಕೆ ಏರ್ಪಾಡು ಮಾಡಬಹುದು, ಆಶ್ರಯದಾತನ ಅಧಿಕಾರಕ್ಕೆ ಏರ್ಪಾಡು ಮಾಡಬಾರದು ಎಂಬುದು. 1629ರಲ್ಲಿ ಆ ನಾಯಕನು ತೀರಿಕೊಂಡನು. ಮುಂದೆ ಶಿವಪ್ಪನಾಯಕನು 1652–54ರ ಸುಮಾರಿಗೆ ಮಂಗಳೂರು, ಬಸರೂರು, ಹೊನ್ನಾವರಗಳಿಂದ ಪೋರ್ತುಗೀಸರನ್ನು ಹೊರಡಿಸಿದಾಗ, ಕನ್ನಡ ಕರಾವಳಿಯಲ್ಲಿ ಅವರ ಆಶ್ರಯವನ್ನು ಬೇಡುವುದಕ್ಕೆ ಒಂದು ಕೋಟೆಯ ಬಾಗಿಲೂ ಉಳಿದಿರಲಿಲ್ಲ.