299ರ ಗೆರೆ: ರಸ್ತೆ ಬೈಕುಗಳ ಗರಿಷ್ಠ ವೇಗವನ್ನು ನಿರ್ಧರಿಸಿದ್ದು ಯಾವುದು?

ಸುಜುಕಿ ಕಂಪನಿ 1999ರಲ್ಲಿ ಮಾರುಕಟ್ಟೆಗೆ ತಂದ ಹಯಬುಸಾ ಬೈಕಿನ ಸ್ಪೀಡೋಮೀಟರ್‌ನಲ್ಲಿ ಅಂಕಿಗಳು ಗಂಟೆಗೆ 300 ಕಿ.ಮೀ. ದಾಟಿ ಬಹಳ ಮುಂದಕ್ಕೆ ಹೋಗಿದ್ದವು. ಒಂದೆರಡು ವರ್ಷಗಳಲ್ಲೇ ಅದೇ ಬೈಕಿನ ಮೀಟರ್‌ನಲ್ಲಿ 300ರ ಆಚೆಯ ಗೆರೆಗಳು ಇಲ್ಲವಾದವು. ಈ ನಡುವೆ ಜಪಾನ್ ಮತ್ತು ಯುರೋಪಿನ ತಯಾರಕರು ತಮ್ಮತಮ್ಮಲ್ಲೇ ಒಂದು ತಿಳುವಳಿಕೆಗೆ ಬಂದಿದ್ದರು: ರಸ್ತೆಗಿಳಿಯುವ ಯಾವ ಬೈಕೂ 300 ಮುಟ್ಟಬಾರದು. ಯಾವ ಸರ್ಕಾರವೂ ಇದನ್ನು ಕಾನೂನಾಗಿ ಹೊರಡಿಸಲಿಲ್ಲ. ಆದರೂ ಕಾಲು ಶತಮಾನದಿಂದ ದೊಡ್ಡ ಬೈಕುಗಳ ವಿವರಪಟ್ಟಿಯಲ್ಲಿ 299 ಎಂಬ ಅಂಕಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಕಂಪನಿಗಳು ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳದಿದ್ದರೆ ಇಷ್ಟು ಹೊತ್ತಿಗೆ ಶೋರೂಮಿನ ಬೈಕುಗಳು 350 ಸಲೀಸಾಗಿ ದಾಟುತ್ತಿದ್ದವು ಎಂಬ ನಂಬಿಕೆ ಬೈಕ್ ಪ್ರಿಯರಲ್ಲಿ ಗಟ್ಟಿಯಾಗಿದೆ. ಲೆಕ್ಕ ಇದನ್ನು ಒಪ್ಪುವುದಿಲ್ಲ. ಗಾಳಿಯ ಪ್ರತಿರೋಧ ಅಂದಿನ ಎಂಜಿನ್ನುಗಳನ್ನು ಎಲ್ಲಿ ತಡೆದು ನಿಲ್ಲಿಸಿತ್ತೋ ಅದರ ಪಕ್ಕದಲ್ಲೇ ಒಪ್ಪಂದ ತನ್ನ ಗೆರೆ ಎಳೆಯಿತು ಎಂಬುದು ಈ ಲೇಖನದ ವಾದ.

ಪೈಪೋಟಿಯ ಇತಿಹಾಸವನ್ನು ಚುಟುಕಾಗಿ ನೋಡೋಣ. 1984ರ ಕವಾಸಾಕಿ ಜಿಪಿಝಡ್ 900 ಆರ್ ಬೈಕಿಗೆ 115 ಅಶ್ವಶಕ್ತಿಯಿತ್ತು. ವೇಗ 245 ಕಿ.ಮೀ. ಆಸುಪಾಸು. 1990ರಲ್ಲಿ ಅದೇ ಕಂಪನಿಯ ಝಡ್‌ಝಡ್‌ಆರ್ 1100 ಬಂತು. ಮುಂಭಾಗದ ಕಿಂಡಿಯಿಂದ ನುಗ್ಗುವ ಗಾಳಿಯ ಒತ್ತಡವನ್ನೇ ಎಂಜಿನ್ನಿಗೆ ಉಣಿಸುವ ವ್ಯವಸ್ಥೆಯೊಂದಿಗೆ ಅದು 280 ದಾಟಿತು. 1996ರಲ್ಲಿ ಹೋಂಡಾದ 164 ಅಶ್ವಶಕ್ತಿಯ ಸೂಪರ್ ಬ್ಲ್ಯಾಕ್‌ಬರ್ಡ್ ಅದನ್ನು ಕೂದಲೆಳೆಯಷ್ಟು ಹಿಂದಿಕ್ಕಿತು. ಮೂರು ವರ್ಷದ ನಂತರ 175 ಅಶ್ವಶಕ್ತಿಯ ಹಯಬುಸಾ. ಪತ್ರಿಕೆಗಳ ಪರೀಕ್ಷೆಗಳಲ್ಲಿ ಅದರ ವೇಗ 303ರಿಂದ 312ರವರೆಗೆ ದಾಖಲಾಯಿತು.

ಈ ಹದಿನೈದು ವರ್ಷಗಳ ಜಿಗಿತವನ್ನು ಎಂಜಿನ್ನಿನ ವಿಜಯ ಎಂದು ಬಣ್ಣಿಸುವುದು ರೂಢಿ. ಆದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು ಬೇಕು. ಇದನ್ನೇ ತಿರುಗಿಸಿ ನೋಡಿದರೆ, 115ರಿಂದ 175ಕ್ಕೆ ಏರಿದ ಶಕ್ತಿ 245 ಕಿ.ಮೀ. ವೇಗವನ್ನು ಸುಮಾರು 282ಕ್ಕೆ ಒಯ್ಯಬಲ್ಲದು, ಅಷ್ಟೇ. ಅಲ್ಲಿಂದ 305ರವರೆಗಿನ ಹಾದಿ ಎಂಜಿನ್ನಿನದಲ್ಲ, ಮೈಕಟ್ಟಿನದು. ಗಾಳಿಯ ತಡೆ ಹೆಚ್ಚುಕಡಿಮೆ ಐದನೇ ಒಂದು ಪಾಲು ತಗ್ಗಿರದಿದ್ದರೆ ಆ ಅಂಕಿ ಸಿಗುತ್ತಿರಲಿಲ್ಲ. ಅಂದ ಕೆಟ್ಟಿದೆ ಎಂದು ಹಲವರು ಮೂಗು ಮುರಿದ ಹಯಬುಸಾದ ಉಬ್ಬು ಮೂತಿ, ಸವಾರನ ಬೆನ್ನಿನ ಹಿಂದಿನ ಗೂನು ಇವೆಲ್ಲ ಗಾಳಿಸುರಂಗದಲ್ಲಿ ರೂಪುಗೊಂಡವು. ನನ್ನ ಮಟ್ಟಿಗೆ ಆ ಬೈಕಿನ ನಿಜವಾದ ಸಾಧನೆ ಇದು.

ಮನುಷ್ಯನ ದೇಹವೂ ಈ ಲೆಕ್ಕದೊಳಗೇ ಬರುತ್ತದೆ. 1948ರಲ್ಲಿ ಅಮೆರಿಕದ ಯೂಟಾ ರಾಜ್ಯದ ಬಾನೆವಿಲ್ ಉಪ್ಪುಬಯಲಿನಲ್ಲಿ ರೋಲಿ ಫ್ರೀ ಎಂಬ ಸವಾರ ವಿನ್ಸೆಂಟ್ ಬೈಕಿನ ಮೇಲೆ ಕಾಲು ಹಿಂದಕ್ಕೆ ಚಾಚಿ, ಬೋರಲು ಮಲಗಿ, ಬರೀ ಈಜುಚಡ್ಡಿಯಲ್ಲಿ ಓಡಿಸಿ 150.313 ಮೈಲಿ, ಎಂದರೆ ಸುಮಾರು 242 ಕಿ.ಮೀ. ವೇಗ ದಾಖಲಿಸಿದ. ಹಿಂದಿನ ಓಟದಲ್ಲಿ ಅವನ ಚರ್ಮದ ಉಡುಪು ಗಾಳಿಗೆ ಹರಿದುಹೋಗಿತ್ತು. ಇಂದಿಗೂ ಆ ಓಟದ ಚಿತ್ರವನ್ನು ಹುಚ್ಚು ಸಾಹಸವೆಂದು ತೋರಿಸುತ್ತಾರೆ. ಗಾಳಿಗೆ ಎದುರಾಗುವ ಮೈಯನ್ನು ಕುಗ್ಗಿಸಿದ ಶುದ್ಧ ಪ್ರಯೋಗ ಅದು.

ಈಗ 300 ಕಿ.ಮೀ. ವೇಗದ ಬೆಲೆಯನ್ನು ಕಟ್ಟೋಣ. ಸವಾರ ಟ್ಯಾಂಕಿಗೆ ಎದೆ ಒತ್ತಿ ಬಾಗಿರುವಾಗ ಬೈಕಿನ ಪ್ರತಿರೋಧ ಗುಣಾಂಕ ಮತ್ತು ಮುಮ್ಮೈ ವಿಸ್ತೀರ್ಣದ ಗುಣಲಬ್ಧ 0.31 ಚದರ ಮೀಟರ್, ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಲೋ ಎಂದು ಹಿಡಿಯುತ್ತೇನೆ. ಸೆಕೆಂಡಿಗೆ 83.3 ಮೀಟರ್ ಸಾಗುವಾಗ ಗಾಳಿ ಬೈಕನ್ನು ಸುಮಾರು 1,290 ನ್ಯೂಟನ್ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಅದು 130 ಕಿಲೋ ತೂಕಕ್ಕೆ ಸಮ. ಇದನ್ನು ಗೆಲ್ಲಲು ಬೇಕಾದ ಶಕ್ತಿ ಸುಮಾರು 146 ಅಶ್ವಶಕ್ತಿ. ಟೈರುಗಳ ಉರುಳುವಿಕೆಗೆ ಇನ್ನು ಹತ್ತು ಅಶ್ವಶಕ್ತಿಯಷ್ಟು ಸೇರಿಸಿ. ಗಿಯರ್ ಪೆಟ್ಟಿಗೆ ಮತ್ತು ಚೈನಿನಲ್ಲಿ ಶೇ 10 ಸೋರಿದರೆ ಕ್ರ್ಯಾಂಕಿನ 175 ಅಶ್ವಶಕ್ತಿಯಲ್ಲಿ ಹಿಂದಿನ ಚಕ್ರಕ್ಕೆ ತಲುಪುವುದು 157. ಜಮಾ ಮತ್ತು ಖರ್ಚು ಸರಿಹೊಂದಿದವು. 1999ರ ಹಯಬುಸಾ 300ರ ಹತ್ತಿರ ತನ್ನಲ್ಲಿದ್ದುದನ್ನೆಲ್ಲ ಖಾಲಿ ಮಾಡಿತ್ತು. ಇದೇ ಲೆಕ್ಕದಲ್ಲಿ 350ಕ್ಕೆ ಕ್ರ್ಯಾಂಕಿನಲ್ಲಿ ಸುಮಾರು 270 ಅಶ್ವಶಕ್ತಿ ಬೇಕು. ಮೀಟರಿನಲ್ಲಿ ಯಾವ ಅಂಕಿ ಬರೆದಿದ್ದರೂ ಆ ಬೈಕು ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಟೈರಿನ ಕಷ್ಟ ಇನ್ನೂ ಪ್ರತ್ಯೇಕ. ಹಯಬುಸಾದ ಹಿಂದಿನ ಟೈರಿನ ವ್ಯಾಸ ಸುಮಾರು 62 ಸೆಂ.ಮೀ. 300ರಲ್ಲಿ ಅದು ನಿಮಿಷಕ್ಕೆ 2,560 ಸುತ್ತು ತಿರುಗುತ್ತದೆ. ಆಗ ಟೈರಿನ ಹೊರಮೈಯಲ್ಲಿರುವ ಒಂದು ಗ್ರಾಂ ರಬ್ಬರನ್ನು ಸುತ್ತಿನಲ್ಲಿ ಹಿಡಿದಿಡಲು ಎರಡೂಕಾಲು ಕಿಲೋ ಭಾರದಷ್ಟು ಬಲ ಬೇಕು. ಟೈರು ಉಬ್ಬುತ್ತದೆ, ಒಳಗಿನ ಪಟ್ಟಿಗಳು ಬಿಗಿಯುತ್ತವೆ, ಶಾಖ ಏರುತ್ತದೆ. ಗಾಳಿ ಕಡಿಮೆಯಿದ್ದರೆ, ಅಥವಾ ಹಿಂದೆ ಮೊಳೆ ಚುಚ್ಚಿ ಪಂಕ್ಚರ್ ಹಾಕಿಸಿದ ಜಾಗವಿದ್ದರೆ, ಅಲ್ಲಿಂದಲೇ ರಬ್ಬರ್ ಕಿತ್ತುಬರಬಹುದು. ಎಂಜಿನ್ನಿಗೆ ಹೆಚ್ಚು ಶಕ್ತಿ ತುಂಬುವುದು ಸುಲಭ. ಗ್ರಾಹಕ ವರ್ಷಗಟ್ಟಲೆ ಬಳಸುವ ಟೈರಿಗೆ ಇಂಥ ವೇಗದ ಖಾತರಿ ಕೊಡುವುದು ಸುಲಭವಲ್ಲ.

ಹಾಗಿದ್ದರೆ ‘ಮೀಟರ್‌ನಲ್ಲಿ 330 ಹೊಡೆಯಿತು’ ಎಂಬ ಮಾತುಗಳು ಸುಳ್ಳೇ? ಅಲ್ಲ, ಅವರು ಕಂಡದ್ದು ನಿಜ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 39ನೇ ನಿಯಮದಂತೆ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಕೂಡದು. ಶೇ 10ರಷ್ಟು, ಅದರ ಮೇಲೆ ಇನ್ನು ಕೆಲವು ಕಿ.ಮೀ. ಹೆಚ್ಚು ತೋರಿಸಬಹುದು. ಅಂದರೆ ನಿಜವಾಗಿ 300ರಲ್ಲಿರುವ ಬೈಕಿನ ಮುಳ್ಳು 330ರ ಮೇಲೆ ನಿಲ್ಲಲು ನಿಯಮದ ಅಡ್ಡಿಯಿಲ್ಲ. ಇನ್ನೊಂದು ಸಂಗತಿ ಇನ್ನೂ ಮುಖ್ಯ. ಆ ನಿಯಮ ಪರೀಕ್ಷೆಗೆ ಗೊತ್ತುಮಾಡಿದ ವೇಗಗಳು 40, 80 ಮತ್ತು 120 ಕಿ.ಮೀ. ಅದರಾಚೆ ಮುಳ್ಳು ತೋರಿಸುವುದನ್ನು ಈ ಪರೀಕ್ಷೆ ಮುಟ್ಟುವುದೇ ಇಲ್ಲ. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ವೇಗದ ದಾಖಲೆಗೆ ಎರಡೂ ದಿಕ್ಕಿನ ಓಟಗಳ ಸರಾಸರಿ ಕೇಳುವುದು ಸುಮ್ಮನೆ ಅಲ್ಲ. ಬೆನ್ನಿಗೆ ಗಂಟೆಗೆ 10 ಕಿ.ಮೀ. ಗಾಳಿ ಬೀಸಿದರೆ ನೆಲದ ಮೇಲಿನ ವೇಗಕ್ಕೆ ಹೆಚ್ಚುಕಡಿಮೆ ಅಷ್ಟೇ ಪುಕ್ಕಟೆಯಾಗಿ ಸೇರುತ್ತದೆ. ಒಂದೇ ದಿಕ್ಕಿನ ಓಟದ ಅಂಕಿಯನ್ನು ಸಂಶೋಧಕರು ಆಧಾರವೆಂದು ಬಳಸಲೇಬಾರದು ಎಂಬುದು ನನ್ನ ನಿಲುವು.

ಒಪ್ಪಂದ ಹುಟ್ಟಿದ್ದು ಭಯದಿಂದ. ಫ್ರಾನ್ಸ್‌ನಲ್ಲಿ ಆಗಲೇ ಬೈಕುಗಳಿಗೆ 100 ಅಶ್ವಶಕ್ತಿಯ ಮಿತಿ ಇತ್ತು. ಅದು ತೆರವಾದದ್ದು 2016ರಲ್ಲಿ. ಜಪಾನಿನೊಳಗೆ ಮಾರುವ ಬೈಕುಗಳಿಗೆ 180 ಕಿ.ಮೀ. ಮಿತಿ ಇತ್ತು. 320, 330 ಎಂದು ಪೈಪೋಟಿ ಮುಂದುವರಿದರೆ ಯುರೋಪಿನ ಸರ್ಕಾರಗಳು ಇಂಥದೇ ಕಡಿವಾಣ ಎಲ್ಲೆಡೆ ಹಾಕಬಹುದು, ಆಮದನ್ನೇ ತಡೆಯಬಹುದು ಎಂಬ ಆತಂಕ ತಯಾರಕರನ್ನು ಕಾಡಿತು. ಇಲ್ಲಿ ಒಂದು ಮಾತು ಸೇರಿಸಬೇಕು. ಸೋಲುತ್ತಿರುವ ಜಾಗದಲ್ಲಿ ಕದನವಿರಾಮ ಸಾರುವುದು ಯಾರಿಗೂ ಭಾರವಲ್ಲ. 300ರಿಂದ 312ಕ್ಕೆ ಏರಲು ಶೇ 12ಕ್ಕಿಂತ ಹೆಚ್ಚು ಶಕ್ತಿ ಬೇಕು. ಅಷ್ಟು ಖರ್ಚಿಗೆ ಸಿಗುವ ಲಾಭ ಜಾಹೀರಾತಿನ ಒಂದು ಸಾಲು. ಒಪ್ಪಂದ ಇಷ್ಟು ಕಾಲ ಬಾಳಿದ್ದಕ್ಕೆ ಈ ಲೆಕ್ಕವೂ ಕಾರಣ. ಅದನ್ನು ಬಹಿರಂಗವಾಗಿ ಮೀರಿದವರಲ್ಲಿ ಇಟಲಿಯ ಎಂವಿ ಅಗಸ್ಟಾ ಎದ್ದು ಕಾಣುತ್ತದೆ, 312 ಕಿ.ಮೀ. ಎಂದು ಸಾರಿ, ಆ ಅಂಕಿಯನ್ನೇ ಬೈಕಿನ ಹೆಸರಿನೊಳಗೆ ಇಟ್ಟಿತು.

ಗಾಳಿಯ ತಡೆಯನ್ನು ಗೆಲ್ಲಬೇಕಾದರೆ ಏನು ಬೇಕೆಂಬುದು 2016ರಲ್ಲಿ ಟರ್ಕಿಯಲ್ಲಿ ಗೊತ್ತಾಯಿತು. ಹೊಸದಾಗಿ ಕಟ್ಟಿದ ಒಸ್ಮಾನ್ ಗಾಜಿ ಸೇತುವೆಯ ಮೇಲೆ, ವಾಹನ ಸಂಚಾರವಿಲ್ಲದ ವೇಳೆಯಲ್ಲಿ, ರೇಸ್ ಸವಾರ ಕೆನಾನ್ ಸೊಫುವೊಲು ಕವಾಸಾಕಿ ನಿಂಜಾ ಎಚ್2ಆರ್ ಓಡಿಸಿ 26 ಸೆಕೆಂಡಿನಲ್ಲಿ ಮೀಟರಿನ ಮೇಲೆ 400 ತೋರಿಸಿದ. 998 ಸಿಸಿ ಎಂಜಿನ್ನಿಗೆ ಸೂಪರ್‌ಚಾರ್ಜರ್ ಜೋಡಿಸಿ 300ಕ್ಕಿಂತ ಹೆಚ್ಚು ಅಶ್ವಶಕ್ತಿ ತೆಗೆದ ಬೈಕು ಅದು. ರಸ್ತೆಗೆ ಪರವಾನಗಿ ಇಲ್ಲ. ಅದರ ಒಡಹುಟ್ಟಿದ ಎಚ್2 ರಸ್ತೆಗೆ ಬಂದಾಗ 200 ಅಶ್ವಶಕ್ತಿಗೆ ಇಳಿದಿತ್ತು. ಆ 400 ಪರದೆಯ ಮೇಲಿನ ಅಂಕಿ, ಎರಡು ದಿಕ್ಕಿನ ದಾಖಲೆಯಲ್ಲ ಎಂಬುದನ್ನೂ ನೆನಪಿಡಬೇಕು.

ನಮ್ಮ ನೆಲದ ಮಾತು. 2004ರ ‘ಧೂಮ್’ ಚಿತ್ರದ ನಂತರ ಹಯಬುಸಾ ಭಾರತದಲ್ಲಿ ಮನೆಮಾತಾಯಿತು. 2018ರ ಕೇಂದ್ರ ಅಧಿಸೂಚನೆಯಂತೆ ಎಕ್ಸ್‌ಪ್ರೆಸ್‌ವೇಗಳಲ್ಲಿ ಬೈಕುಗಳ ಮಿತಿ 80 ಕಿ.ಮೀ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. 300ರಲ್ಲಿರುವ ಬೈಕು, ಅತ್ಯುತ್ತಮ ಬ್ರೇಕು ಮತ್ತು ಒಣ ರಸ್ತೆ ಇದ್ದರೂ, ಸವಾರ ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡು ಸೇರಿ ನಿಲ್ಲಲು ಅರ್ಧ ಕಿ.ಮೀ. ಹತ್ತಿರ ದೂರ ತಿನ್ನುತ್ತದೆ. ಅಷ್ಟು ದೂರ ನಾಯಿ, ದನ, ಎದುರು ದಿಕ್ಕಿನ ಟ್ರ್ಯಾಕ್ಟರ್ ಯಾವುದೂ ಅಡ್ಡ ಬರದ ಸಾರ್ವಜನಿಕ ರಸ್ತೆ ಇಲ್ಲಿಲ್ಲ. ಈ ವೇಗ ರೇಸ್‌ಟ್ರ್ಯಾಕಿನದು. ರಸ್ತೆಯಲ್ಲಿ ಅದನ್ನು ಹುಡುಕುವ ಹುಡುಗರು ಸಾಯುತ್ತಾರೆ, ಜೊತೆಗೆ ಇನ್ನೊಬ್ಬರನ್ನೂ ಕೊಲ್ಲುತ್ತಾರೆ.

ಒಪ್ಪಂದದ ದೀರ್ಘ ಪರಿಣಾಮಕ್ಕೆ 2021ರ ಮೂರನೇ ತಲೆಮಾರಿನ ಹಯಬುಸಾ ಒಳ್ಳೆಯ ಸಾಕ್ಷಿ. ಹಿಂದಿನ ತಲೆಮಾರಿನಲ್ಲಿ 197 ಇದ್ದ ಅಶ್ವಶಕ್ತಿ 190ಕ್ಕೆ ಇಳಿಯಿತು. ಹೊಗೆ ನಿಯಮಗಳು ಬಿಗಿಯಾದದ್ದು ಇದಕ್ಕೆ ಮುಖ್ಯ ಕಾರಣ. ಆದರೆ ವೇಗದ ಪೈಪೋಟಿ ಜೀವಂತವಿದ್ದಿದ್ದರೆ ಯಾವ ಕಂಪನಿಯೂ ಇಳಿದ ಅಂಕಿಯನ್ನು ಹೊತ್ತು ಮಾರುಕಟ್ಟೆಗೆ ಬರುತ್ತಿರಲಿಲ್ಲ. ಸುಜುಕಿ ತನ್ನ ಶ್ರಮವನ್ನು ಮಧ್ಯಮ ವೇಗದ ಎಳೆತಕ್ಕೆ, ಬಾಗಿದಾಗಲೂ ಕೆಲಸ ಮಾಡುವ ಬ್ರೇಕಿಗೆ, ಚಕ್ರ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ಸಿಗೆ ಹಾಕಿತು. ಗರಿಷ್ಠ ವೇಗ 299ರಲ್ಲೇ ಉಳಿಯಿತು. ನಿಂತಲ್ಲಿಂದ ಜಿಗಿಯುವುದರಲ್ಲಿ ಹಿಂದಿನ ಎಲ್ಲ ಹಯಬುಸಾಗಳಿಗಿಂತ ಇದೇ ಮುಂದು ಎಂದು ಕಂಪನಿ ಹೇಳಿಕೊಂಡಿತು.