ಬೀಗ ಹಾಕಿದ ಬಾಗಿಲು

ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಕಡೆ ಹೋದರೆ, ಪಕ್ಕದ ಹತ್ತು ಮಹಡಿಯ ಕಟ್ಟಡವನ್ನು ತಲೆಯೆತ್ತಿ ನೋಡಿ. ಈಗಲ್ಲಿ ವಿಶ್ವವಿದ್ಯಾಲಯವಿದೆ, ಆಗ ಮೇಲಿನ ಮೂರು ಮಹಡಿಗಳಲ್ಲಿ ಟ್ರಯಾಂಗಲ್ ಎಂಬ ಬ್ಲೌಸ್ ಕಾರ್ಖಾನೆಯಿತ್ತು.

1909ರ ನವೆಂಬರಿನಲ್ಲಿ ಕಾರ್ಮಿಕರ ಸಭೆ. ನಾಯಕರ ಭಾಷಣ ಮುಗಿಯುತ್ತಲೇ ಇಲ್ಲ! ಹೊಲಿಗೆ ಕೆಲಸದ ಕ್ಲಾರಾ ಲೆಮ್ಲಿಕ್ ಎದ್ದು, ಮುಷ್ಕರ ಹೂಡೋಣ ಎಂದಳು. ಇಂಗ್ಲಿಷಿನಲ್ಲಲ್ಲ, ಮನೆಮಾತಾದ ಯಿಡ್ಡಿಷಿನಲ್ಲಿ. (ಕನ್ನಡದವಳಾದ ನನಗೆ ಇದೇ ತುಂಬ ಇಷ್ಟ.) ಸುಮಾರು 20,000 ಮಂದಿ ಕೆಲಸ ಬಿಟ್ಟು ಬೀದಿಗಿಳಿದರು. ಹಲವು ಮಾಲೀಕರು ಸಂಘವನ್ನು ಒಪ್ಪಿದರು, ಟ್ರಯಾಂಗಲ್‌ನವರು ಒಪ್ಪಲಿಲ್ಲ.

1911ರ ಮಾರ್ಚ್ 25ರ ಸಂಜೆ ಅಲ್ಲಿ ಬೆಂಕಿ ಬಿತ್ತು. ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ. ಅಗ್ನಿಶಾಮಕದವರ ಏಣಿ ಅಷ್ಟೆತ್ತರ ಮುಟ್ಟಲಿಲ್ಲ. ಸತ್ತವರು 146 ಮಂದಿ, ಹೆಚ್ಚಿನವರು ನಿಮ್ಮದೇ ವಯಸ್ಸಿನ, ವಲಸೆ ಬಂದ ಹುಡುಗಿಯರು. ಮಾಲೀಕರು ಕೋರ್ಟಿನಲ್ಲಿ ಬಿಡುಗಡೆಯಾದರು.

ಕೆಳಗೆ ನಿಂತು ಅದನ್ನೆಲ್ಲ ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ಅಮೆರಿಕದ ಕಾರ್ಮಿಕ ಮಂತ್ರಿಯಾದರು.